ಗಂಗವ್ವನಿಗೆ ಹಿಡಿದ ಬಟ್ಟೆ

ಹೋದ ತಿಂಗಳು ನಮ್ಮ ಓಣಿಯ ನಲ್ಲಿಯಲ್ಲಿ ಕೆಂಪು ರಾಡಿ ನೀರು ಬಂತು. ರಾಯಚೂರಿನಲ್ಲಿ ಇದೇನು ಹೊಸದಲ್ಲ. ಮಳೆಗಾಲ ಶುರುವಾದರೆ ಹೊಳೆಯಲ್ಲಿ ನೀರು ಹೇಗಿರುತ್ತದೋ ಹಾಗೇ ಮನೆಗೂ ಬರುತ್ತದೆ. ಬಯ್ಯುವವರು ಬಯ್ಯುತ್ತಾರೆ, ತುಂಬಿಕೊಳ್ಳುವವರು ತುಂಬಿಕೊಳ್ಳುತ್ತಾರೆ. ನಾನು ಎರಡನ್ನೂ ಮಾಡುವವಳು. ಬಯ್ಯುತ್ತಲೇ ಟ್ರಂಕಿನ ತಳದಿಂದ ಹಳೆಯ ಧೋತರ ತೆಗೆದು ಹರಿದು, ಎರಡು ಮಡಿಕೆ ಮಾಡಿ ಕೊಡದ ಬಾಯಿಗೆ ಕಟ್ಟಿದೆ. ನೀರು ಬಿದ್ದು ಬಟ್ಟೆ ನೆನೆಯುತ್ತಿದ್ದ ಹಾಗೆ ಒಂದು ವಾಸನೆ ಎದ್ದಿತು... ತೊಯ್ದ ಹತ್ತಿ ಬಟ್ಟೆಯದು, ಅದರೊಳಗೆ ಸ್ವಲ್ಪ ಮಣ್ಣಿನದು. ನನ್ನ ಕೈ ಅಲ್ಲೇ ನಿಂತಿತು.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಹುಡುಗಿ ಬಾಡಿಗೆಗಿದ್ದಾಳೆ. ಗಂಡ ಶಕ್ತಿನಗರದಲ್ಲಿ ಕಂಟ್ರಾಕ್ಟ್ ಕೆಲಸಕ್ಕೆ ಹೋಗುತ್ತಾನೆ. ಹಸೀ ಬಾಣಂತಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅಮ್ಮಾ, ಒಂದು ಮಡಿಕಿ ಸಾಲಂಗಿಲ್ಲೇನ್ರಿ?”

“ಸಾಲಂಗಿಲ್ಲವ್ವ. ಎರಡು ಬೇಕು.”

“ಯಾರು ಹೇಳ್ಯಾರ?”

“ಒಬ್ಬಾಕಿ ಇದ್ಲು” ಅಂದೆ. ಯಾರು ಅಂತ ಹೇಳಲಿ? ನನ್ನ ಮಗನನ್ನು ಭೂಮಿಗೆ ಇಳಿಸಿದಾಕೆ ಅನ್ನಲೇ, ನನ್ನ ಎಡಗಾಲು ಕುಂಟಾಗಲು ಕಾರಣವಾದಾಕೆ ಅನ್ನಲೇ, ನಮ್ಮ ಮಾವನ ಮಾನ ಊರ ಮುಂದೆ ತೆಗೆದಾಕೆ ಅನ್ನಲೇ? ಮೂರೂ ಒಬ್ಬಾಕೆಯೇ. ನಲವತ್ತು ವರ್ಷ ಆಗುತ್ತ ಬಂತು, ಆಕೆಯನ್ನು ಯಾವ ಕಡೆ ಕೂಡಿಸಬೇಕು ಅನ್ನುವುದು ನನಗೆ ಇನ್ನೂ ತಿಳಿದಿಲ್ಲ.

ನನ್ನ ತವರು ಮಾನ್ವಿ. ಲಗ್ನವಾಗಿ ದೇವದುರ್ಗ ತಾಲೂಕಿನ ಒಂದು ಹಳ್ಳಿಗೆ ಬಂದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಅವ್ವ ನಾನು ಸಣ್ಣಾಕಿ ಇದ್ದಾಗಲೇ ಹೋಗಿದ್ದಳು. ಮಾವ ಊರಿಗೆ ಗೌಡರು, ದೊಡ್ಡ ದನಿಯವರು. ಅತ್ತೆ ಅವರಿಗಿಂತ ದೊಡ್ಡ ದನಿಯವಳು. ಅವರ ಮನೆಯ ಮುಂದಿನ ಪಡಸಾಲೆಯ ಕೋಣೆಯಲ್ಲಿ ನರ್ಸಮ್ಮ ಇದ್ದಳು. ಊರಿಗೆಲ್ಲ ಆಕೆ ನರ್ಸಮ್ಮ, ನನಗೆ ಮಾತ್ರ ಅಕ್ಕ. ಆಕೆಯೂ ಮಾನ್ವಿ ಕಡೆಯವಳೇ ಅಂತ ತಿಳಿದ ದಿನ ನಾನು ಒಲೆಯ ಮುಂದೆ ಕೂತು ಅತ್ತಿದ್ದೆ. ತವರಿನ ಮಾತು ಕೇಳಿದರೆ ಸಾಕು, ಹೊಸ ಸೊಸೆಗೆ ಅಳು ಬರುತ್ತದೆ.

ಕಪ್ಪಗೆ, ಎತ್ತರಕ್ಕೆ, ಬಿಳೀ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸರಸರ ನಡೆಯುತ್ತಿದ್ದಳು. ಗಂಡ ಇದ್ದನೋ ಇಲ್ಲವೋ ಕೇಳಿದವರಿಲ್ಲ, ಕೇಳಿದರೆ ಆಕೆ ಹೇಳುವವಳೂ ಅಲ್ಲ. ಜಾತಿ ಕೇಳಿದರೆ “ಸೂಜಿ ಚುಚ್ಚೋ ಜಾತಿ” ಅಂತ ನಗುತ್ತಿದ್ದಳು. ಅತ್ತೆಗೆ ಆ ನಗು ಅಷ್ಟು ಸರಿ ಬರುತ್ತಿರಲಿಲ್ಲ. ಆದರೂ ಹೆರಿಗೆ ಚೆನ್ನಾಗಿ ಮಾಡಿಸುತ್ತಾಳೆ, ಗೌಡರ ಮನೆಯಲ್ಲಿ ಸರ್ಕಾರದ ಮನುಷ್ಯರಿದ್ದರೆ ಒಂದು ಗತ್ತು ಅಂತ ಇಟ್ಟುಕೊಂಡಿದ್ದರು.

ಆಗ ನಮ್ಮ ಕಡೆ ನಾರು ಅಂತ ಒಂದು ರೋಗ ಇತ್ತು. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಕಾಲಿನಲ್ಲಿ ಒಂದು ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ, ಒಡೆದರೆ ಒಳಗಿಂದ ಬಿಳೀ ದಾರದಂಥ ಹುಳ ತಲೆ ಹಾಕುತ್ತದೆ. ಮೊಳಕ್ಕಿಂತ ಉದ್ದ. ಎಳೆದರೆ ತುಂಡಾಗುತ್ತದೆ, ತುಂಡಾದರೆ ಕಾಲೇ ಬಾತು ಕೀವಾಗುತ್ತದೆ. ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕಿಷ್ಟು, ದಿನಕ್ಕಿಷ್ಟು ಹೊರಗೆ ತೆಗೆಯಬೇಕು. ಬಿತ್ತುವ ದಿನಗಳಲ್ಲಿ ಅರ್ಧ ಊರು ಕಾಲಿಗೆ ಕಡ್ಡಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಿತ್ತು. ದೇವರ ಕಾಟ ಅನ್ನುವವರು ಇದ್ದರು, ಮಣ್ಣಿನ ಗುಣ ಅನ್ನುವವರೂ ಇದ್ದರು.

ಆಕೆ ಅದು ಬಾವಿಯ ಕಾಟ ಅನ್ನುತ್ತಿದ್ದಳು. ನಮ್ಮ ಊರಿನದು ಮೆಟ್ಟಿಲ ಬಾವಿ. ಹೆಂಗಸರು ಕೆಳಗಿನವರೆಗೂ ಇಳಿದು, ಕಾಲು ನೀರಿನಲ್ಲಿಟ್ಟು ಕೊಡ ಮುಳುಗಿಸುತ್ತಿದ್ದರು. ನಾರು ಎದ್ದವರಿಗೂ ಉರಿ ತಣಿಯಲು ಆ ತಣ್ಣೀರೇ ಬೇಕು. ಕಾಲು ಇಟ್ಟರೆ ಹುಳ ನೀರಿಗೆ ಮರಿ ಬಿಡುತ್ತದೆ, ಆ ನೀರು ಕುಡಿದವರಿಗೆ ವರ್ಷ ಕಳೆದ ಮೇಲೆ ಕಾಲಲ್ಲಿ ಬೊಬ್ಬೆ. ಗಾಜಿನ ಲೋಟದಲ್ಲಿ ನೀರು ತುಂಬಿ ಬಿಸಿಲಿಗೆ ಹಿಡಿದು ನಮಗೆ ತೋರಿಸುತ್ತಿದ್ದಳು. ಕಣ್ಣು ಕಿರಿದು ಮಾಡಿ ನೋಡಿದರೆ ಪುಡಿಯಂಥದ್ದು ಪಟಪಟ ಕುಣಿಯುತ್ತಿತ್ತು.

“ಹುಳ ಕುಡಿದು ಹುಳ ಹಡೀತೀರಿ” ಅಂತ ಬಯ್ಯುತ್ತಿದ್ದಳು. ಎರಡು ಮಡಿಕೆಯ ಬಟ್ಟೆ ಕೊಟ್ಟಳು, ಕೊಡದ ಬಾಯಿಗೆ ಕಟ್ಟಲು ಕಲಿಸಿದಳು. ಮನೆಮನೆಗೆ ಹೋಗಿ ಕೊಡ ಬಗ್ಗಿಸಿ ನೋಡುತ್ತಿದ್ದಳು. ಬಟ್ಟೆ ಇಲ್ಲದಿದ್ದರೆ ಮುಗಿಯಿತು, ಅಲ್ಲೇ ಸಣ್ಣದೊಂದು ಜಗಳ. ಬಟ್ಟೆ ಬರೀ ಸದ್ಯದ ಮಟ್ಟಿಗೆ, ಮೆಟ್ಟಿಲು ಮುಚ್ಚಿ ಗೋಡೆ ಕಟ್ಟಿ ಗಡಗಡಿ ಹಾಕಿ ಹಗ್ಗದಿಂದ ಸೇದಿದರೆ ನಾರು ತಾನಾಗಿ ಸಾಯುತ್ತದೆ ಅಂತ ಮಾವನ ಬೆನ್ನು ಹತ್ತಿದಳು.

ಮಾವ ಮೊದಲು ನಕ್ಕರು. ಆಮೇಲೆ ಸಿಟ್ಟಾದರು. ಅಜ್ಜ ಮುತ್ತಜ್ಜ ಕಟ್ಟಿಸಿದ ಮೆಟ್ಟಿಲು, ಗಂಗವ್ವನ ಮೆಟ್ಟಿಲು, ಮುಚ್ಚುವುದೆಂದರೇನು? ಆದರೆ ಆಕೆ ಬಿಡುವ ಪೈಕಿ ಅಲ್ಲ. ಮಾವ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಪಡಸಾಲೆಗೆ ಬಂದು ಕೂರುತ್ತಿದ್ದಳು. ಕಡೆಗೆ ಮಾವನ ಖಾಸಾ ತಮ್ಮನಿಗೆ ಮೊಣಕಾಲಿನಲ್ಲಿ ನಾರು ಎದ್ದು ಆತ ಕೋಲು ಹಿಡಿದ ಮೇಲೆ ಮಾವ ಒಪ್ಪಿದರು. ಒಪ್ಪಿದ ಮೇಲೆ ಅದು ಅವರದೇ ಕೆಲಸವಾಯಿತು. ದೇವದುರ್ಗಕ್ಕೆ, ರಾಯಚೂರಿಗೆ ತಾವೇ ಓಡಾಡಿದರು, ಊರಿನವರನ್ನು ಗದರಿಸಿ ಹಾದಿಗೆ ತಂದರು, ನಮ್ಮ ಊರ ಬಾವಿಯೇ ಮೊದಲು ಆಗಬೇಕು ಅಂತ ಹಟ ಹಿಡಿದರು.

ಅಳತೆಗೆ ಇಂಜಿನಿಯರು ಬಂದ ದಿನ ಮಾವ ಹೊಸ ರುಮಾಲು ಸುತ್ತಿದ್ದರು. ಊರಿಗೂರೇ ಬಾವಿಯ ಸುತ್ತ ನಿಂತಿತ್ತು. ನಾನು ಐದು ತಿಂಗಳ ಬಸುರಿ, ಅತ್ತೆಯ ಹಿಂದೆ ಕಟ್ಟೆಯ ಮೇಲೆ ನಿಂತಿದ್ದೆ. ಟೇಪು ಹಿಡಿದು ಅಳೆದರು, ಗೋಡೆ ಎಲ್ಲಿ ಬರುತ್ತದೆ ಅಂತ ಮೆಟ್ಟಿಲ ಮೇಲೆ ಸುಣ್ಣದಲ್ಲಿ ಗೆರೆ ಎಳೆದರು. ಗೆರೆಯ ಕೆಳಗಿನದೆಲ್ಲ ಮುಚ್ಚಿ ಹೋಗುತ್ತದೆ.

ನಡುವಿನ ಮೆಟ್ಟಿಲ ಪಕ್ಕದಲ್ಲಿ ಒಂದು ಕಲ್ಲಿನ ದೋಣಿ ಇತ್ತು. ದನಕ್ಕೆ ನೀರಿಡುತ್ತಾರಲ್ಲ, ಅಂಥದ್ದು. ನೀರು ತುಂಬಿಕೊಂಡು ಮೇಲೆ ಬರುವ ಊರ ಹೆಂಗಸರು ಅದಕ್ಕೆ ಮೊದಲ ಕೊಡ ಸುರಿದು ಮತ್ತೆ ಇಳಿಯುವುದು ಪದ್ಧತಿ. ಊರ ಹೊರಗಿನ ಕೇರಿಯ ಹೆಂಗಸರು ಪಕ್ಕದ ಕೊರಕಲಿನಿಂದ ಅಲ್ಲಿಯವರೆಗೆ ಮಾತ್ರ ಇಳಿದು, ದೋಣಿಯಿಂದ ತುಂಬಿಕೊಂಡು ಹೋಗುತ್ತಿದ್ದರು. ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ನಾಳೆ ಗೋಡೆ ಎದ್ದು ಗಡಗಡಿ ಬಂದರೆ ಅದರ ಹಗ್ಗ ಅವರು ಮುಟ್ಟುವಂತಿಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳದೆಯೇ ಎಲ್ಲರಿಗೂ ಗೊತ್ತಿತ್ತು.

ನರ್ಸಮ್ಮ ಕೆಳಗೆ ಇಳಿದು ಗೆರೆ ನೋಡಿದಳು. ದೋಣಿ ನೋಡಿದಳು. “ಇದು?” ಅಂದಳು. “ಅದು ಒಳಗ ಹೋಗ್ತದ” ಅಂದರು ಇಂಜಿನಿಯರು. ಆಕೆ ತಲೆ ಎತ್ತಿದಳು. ಎದುರಿನ ಕೊರಕಲಿನಲ್ಲಿ ಕೇರಿಯ ಹೆಂಗಸರು ಖಾಲಿ ಕೊಡ ಹಿಡಿದು, ಗದ್ದಲ ಮುಗಿದರೆ ನೀರು ಸಿಕ್ಕೀತು ಅಂತ ನಿಂತಿದ್ದರು. ಆಕೆ ಬಹಳ ಹೊತ್ತು ಅಲ್ಲೇ ನಿಂತಳು, ಮಾವ ಮೇಲಿಂದ ಕೂಗುವ ತನಕ. ಆಮೇಲೆ ಮೆಲ್ಲಗೆ ಹತ್ತಿ ಬಂದಳು.

“ಗೌಡ್ರ, ಮುಚ್ಚಬ್ಯಾಡ್ರಿ.”

ಯಾರಿಗೂ ಅರ್ಥವಾಗಲಿಲ್ಲ. ಇಂಜಿನಿಯರು ನಕ್ಕೇಬಿಟ್ಟರು.

“ಗ್ವಾಡಿಗೆ ಅವ್ರಿಗೊಂದು ಗಡಗಡಿ ಇಡ್ರಿ. ಇಲ್ಲಾಂದ್ರ ಮೊದಲು ಕೇರ್ಯಾಗ ಬೋರಿಂಗ್ ಹಾಕಸ್ರಿ. ಎರಡೂ ಆಗಂಗಿಲ್ಲ ಅಂದ್ರ ಮೆಟ್ಟಲಾ ಹಂಗ ಇರ್ಲಿ. ನಾ ಮುಚ್ಚಾಕ ಬಿಡಂಗಿಲ್ಲ.”

ಬೋರಿಂಗ್ ನನ್ನ ಕೆಲಸದಲ್ಲಿಲ್ಲ ಅಂದು ಇಂಜಿನಿಯರು ಟೇಪು ಸುತ್ತಿಕೊಂಡರು. ಗಡಗಡಿಯ ಮಾತನ್ನು ಮಾವ ಕಿವಿಗೇ ಹಾಕಿಕೊಳ್ಳಲಿಲ್ಲ. ಅವರ ಮುಖ ಹೊಸ ರುಮಾಲಿನ ಕೆಳಗೆ ಕಪ್ಪಿಟ್ಟಿತ್ತು. “ಎರಡು ವರ್ಷ ನನ್ನ ತಲಿ ತಿಂದಾಕಿ ನೀನ... ಈಗ ಊರ ಮುಂದ ನನ್ನ ಮಾರಿ ಎಲ್ಲಿ ಇಡ್ಲಿ?” ಅಂದರು. ಗದರಿಸಲಿಲ್ಲ. ಆ ದೊಡ್ಡ ದನಿಯ ಮನುಷ್ಯ ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನನಗೆ ಅವರ ಮೇಲೆ ಮರುಕವಾಯಿತು, ಆಕೆಯ ಮೇಲೆ ಕೆಟ್ಟ ಸಿಟ್ಟು ಬಂತು. ಅಷ್ಟು ವರ್ಷ ಅದೇ ಮೆಟ್ಟಿಲು ಇಳಿದಾಕೆಗೆ ದೋಣಿ ಅವತ್ತೇ ಕಾಣಬೇಕಿತ್ತೇ? ಹಾಗೆ ನೋಡಿದರೆ ದಿನಾ ಅದಕ್ಕೆ ನೀರು ಸುರಿಯುತ್ತಿದ್ದ ನನಗೂ ಕಂಡಿರಲಿಲ್ಲ, ಆ ಮಾತು ಬೇರೆ.

ಮರುದಿನವೇ ಆಕೆ ಕೋಣೆ ಖಾಲಿ ಮಾಡಿದಳು. ಮಾವ ಹೋಗು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಊರ ಕನ್ನಡ ಸಾಲಿಯ ಹಿಂದಿನ ತಗಡಿನ ಕೋಣೆಗೆ ಟ್ರಂಕು ಹೊತ್ತುಕೊಂಡು ಹೋದಳು. ಆಕೆ ಕೇರಿಯವಳೇ ಅಂತ ಊರೆಲ್ಲ ಮಾತಾಯಿತು. ಇಲ್ಲದಿದ್ದರೆ ಅವರಿಗಾಗಿ ಯಾಕೆ ಬಡಿದಾಡುತ್ತಾಳೆ ಅಂತ. ಹೌದೋ ಅಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬೇಕು ಅನ್ನಿಸಿದಾಗ ಧೈರ್ಯ ಇರಲಿಲ್ಲ, ಧೈರ್ಯ ಬಂದಾಗ ಕೇಳಬೇಕು ಅನ್ನಿಸಲಿಲ್ಲ.

ಅದಾಗಿ ಕೆಲವು ವಾರಕ್ಕೆ ನನಗೆ ತಲೆ ಸುತ್ತು ಶುರುವಾಯಿತು. ಅತ್ತೆ ನನ್ನನ್ನು ರಾಯಚೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಬಂದಳು. ತೋರಿಸಿಕೊಂಡು ಬಸ್ಸಿಗೆ ವಾಪಸ್ಸು ನಡೆಯುವಾಗ ಒಂದು ಸರ್ಕಾರಿ ಕಚೇರಿಯ ಮುಂದೆ ಬಿಳೀ ಸೀರೆಗಳ ಗುಂಪು ಕಂಡಿತು. ದೇವದುರ್ಗದ ನರ್ಸುಗಳು, ಮಾನ್ವಿಯ ನರ್ಸುಗಳು, ಎಲ್ಲ ಒಟ್ಟಾಗಿ ವರಾಂಡದಲ್ಲಿ ನಿಂತಿದ್ದರು. ನಡುವೆ ನಮ್ಮ ನರ್ಸಮ್ಮ. ಅತ್ತೆಗೆ ಕಾಲು ಮುಂದೆ ಹೋಗಲಿಲ್ಲ. “ಏನು ರಾದ್ಧಾಂತ ಮಾಡಾಕತ್ತಾಳ ನೋಡೂಣ ನಡಿ” ಅಂತ ನನ್ನನ್ನು ಕಾಂಪೌಂಡಿನ ಒಳಗೆ ಎಳೆದಳು. ನಾವು ಬೇವಿನ ನೆರಳಲ್ಲಿ, ಯಾರದೋ ಕೆಲಸಕ್ಕೆ ಬಂದವರ ಹಾಗೆ ನಿಂತೆವು.

ಒಳಗೆ ಅಷ್ಟು ಜನ ಹಿಡಿಯುವುದಿಲ್ಲ ಅಂತ, ಈ ಬಾವಿಗಳ ಕೆಲಸ ನೋಡುವ ಸಾಹೇಬರೇ ಹೊರಗೆ ಬಂದರು. ಮೈಸೂರು ಕಡೆಯವರು, ಮೆದು ಮಾತಿನವರು. ಆದರೆ ಅವತ್ತು ಬೇಸತ್ತಿದ್ದರು.

“ಮುಚ್ಚಿ ಮುಚ್ಚಿ ಅಂತ ಬೆನ್ನು ಬಿದ್ದವರೂ ನೀವೇ, ಈಗ ಬೇಡ ಅನ್ನೋರೂ ನೀವೇ. ನಿಮಗೇನು ಬೇಕು ಅಂತ ನಿಮಗಾದ್ರೂ ಗೊತ್ತಾ?”

ಆಕೆ ತಡವರಿಸಿದಳು. ಯಾವತ್ತೂ ತಡವರಿಸದವಳು. “ಹ್ವಾದ ತಿಂಗಳ ತನಕ ಗೊತ್ತಿತ್ರಿ ಸಾಹೇಬ್ರ” ಅಂದಳು. “ಈಗ... ನಾರು ಹೋಗಬೇಕು, ಅದರಾಗ ಎರಡು ಮಾತಿಲ್ರಿ. ಆದ್ರ ಒಬ್ಬರ ನೀರು ಕಸಗೊಂಡು ಒಬ್ಬರ ನಾರು ಕಳಿಯೂದಾದ್ರ, ಆ ಕೆಲಸ ನಮ್ಮ ಕೈಲೆ ಮಾಡಸಬ್ಯಾಡ್ರಿ.”

ಆಗ ಮಾನ್ವಿಯ ಕಡೆಯ ಒಬ್ಬ ದಪ್ಪನೆಯ ನರ್ಸಮ್ಮ ಮುಂದೆ ಬಂದಳು. ಮುಸಲ್ಮಾನರಾಕೆ, ಕನ್ನಡದೊಳಗೆ ಅವರ ಮಾತು ಕಲೆಸಿ ಆಡುತ್ತಿದ್ದಳು. “ನಮ್ದು ಕಡಿ ಮುಚ್ಚೀರಲ್ಲ ಸಾಬ್” ಅಂದಳು. “ಒಂದು ಊರಾಗ ಮುಚ್ಚೀರಿ. ಕೇರಿಯವರು ಎಲ್ಲಿ ಹೋಗ್ಬೇಕು? ಹಳ್ಳದಾಗ ಗುಂಡಿ ತೋಡಿ ಕುಡ್ಯಾಕತ್ತಾರ. ಈಗ ನಾರು ಊರಾಗ ಇಲ್ಲ, ಬರೇ ಕೇರ್ಯಾಗ ಅದ. ಕಾಗದದಾಗ ಊರು ಚೊಕ್ಕ. ನಾ ದಿನಾ ಕೇರ್ಯಾಗ ಕಡ್ಡಿ ಸುತ್ತೀನಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡು, ಒಬ್ಬೊಬ್ಬರ ಊರು ಕೇಳತೊಡಗಿದರು. ಎಷ್ಟೋ ಹೊತ್ತು ಅದೇ ನಡೆಯಿತು. ನನಗೆ ಕಾಲು ನೋಯುತ್ತಿತ್ತು, ಬಸ್ಸು ತಪ್ಪುತ್ತದೆ ಅಂತ ಚಿಂತೆ. ನಾವು ಹೊರಡುವಾಗ ನರ್ಸಮ್ಮ ನಮ್ಮನ್ನು ನೋಡಿದಳು, ಅತ್ತೆ ಮುಖ ತಿರುಗಿಸಿದಳು. ಬಸ್ಸಿನಲ್ಲಿ ಮಾತ್ರ ದಾರಿಯುದ್ದಕ್ಕೂ ಒಂದೇ ಮಾತು: “ಈಕಿ ನಮ್ಮಾಕೀನೋ, ಅವರಾಕೀನೋ?” ನನಗೂ ಅದೇ ಪ್ರಶ್ನೆ. ಹೆಂಗಸರು ಕಚೇರಿಯ ಮುಂದೆ ನಿಂತು ಕಾಯಿದೆ ಬದಲಿಸಿ ಅನ್ನಬಹುದು ಅಂತಲೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಮೆಚ್ಚಬೇಕೋ ಬಯ್ಯಬೇಕೋ ತಿಳಿಯದೆ ಕಿಟಕಿಗೆ ತಲೆ ಆನಿಸಿ ಕೂತೆ.

ಸಾಹೇಬರು ಆಮೇಲೆ ಹುಕುಮು ಹೊರಡಿಸಿದರಂತೆ. ಎಲ್ಲೇ ಮೆಟ್ಟಿಲು ಮುಚ್ಚಲಿ, ಮೊದಲು ಕೇರಿಗೆ ನೀರು ಆಗಬೇಕು, ಆಮೇಲೆ ಗೋಡೆ. ನಮ್ಮ ಒಂದು ಊರಿಗಲ್ಲ, ಆ ಕಡೆಯ ಎಲ್ಲ ಊರಿಗೆ. ಕಾಗದದ ಮೇಲೆ ಬೇಗ ಆಯಿತು. ಬೋರಿಂಗ್ ಗಾಡಿ ಬರಬೇಕಲ್ಲ? ಇವತ್ತು ಬರುತ್ತದೆ ನಾಳೆ ಬರುತ್ತದೆ ಅಂತ ಮಳೆಗಾಲ ಹೋಯಿತು, ಚಳಿಯೂ ಹೋಯಿತು. ಬಾವಿಯ ಮೆಟ್ಟಿಲ ಮೇಲೆ ಸುಣ್ಣದ ಗೆರೆ ಮಾಸಿ ಮಾಸಿ ಅಳಿಸಿಹೋಯಿತು. ನಾವು ಮೊದಲಿನಂತೆ ಇಳಿದು ನೀರು ತರುತ್ತಿದ್ದೆವು.

ಅದರ ನಡುವೆ ನನಗೆ ಹೆರಿಗೆ ನೋವು ಬಂತು. ಹಗಲು ಹೊತ್ತು. ಅವ್ವ ಇಲ್ಲದವಳು, ಹಾಗಾಗಿ ಚೊಚ್ಚಲ ಬಾಣಂತನವೂ ಅತ್ತೆಯ ಮನೆಯಲ್ಲೇ. ಕೂಸು ಅಡ್ಡ ಇದೆ ಅಂತ ಸೂಲಗಿತ್ತಿ ಕೈಚೆಲ್ಲಿದಳು. ಅತ್ತೆ ಯಾರನ್ನೂ ಕೇಳಲಿಲ್ಲ. ಸೆರಗು ಬಿಗಿದು ತಾನೇ ಸಾಲಿಯ ಹಿಂದಿನ ಕೋಣೆಗೆ ಹೋಗಿ ನರ್ಸಮ್ಮನನ್ನು ಕರೆತಂದಳು. ಮಾವ ಎದ್ದು ಹೊಲಕ್ಕೆ ಹೋದರು. ಆಕೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, “ಹೆದರಬ್ಯಾಡ ತಂಗಿ, ನಾ ಅದೀನಿ” ಅಂದಳು. ಆ ಕೈ, ಆ ದನಿ... ಅವತ್ತು ಎಲ್ಲ ಸಿಟ್ಟೂ ಮರೆತೆ. ಸಂಜೆ ಮಾವ ಬಂದು ಮೊಮ್ಮಗನ ಮುಖ ನೋಡಿ, “ನರ್ಸಮ್ಮಗ ಚಾ ಕೊಟ್ಟೀರೇನು?” ಅಂತ ಮಾತ್ರ ಕೇಳಿದರು. ಅವರಿಂದ ಅಷ್ಟು ಮಾತು ಬಂದದ್ದೇ ದೊಡ್ಡದು.

ಬಾಣಂತಿ ಎದ್ದ ಮೇಲೆ ಗಂಗೆ ಪೂಜೆ. ಮುತ್ತೈದೆಯರ ಜೊತೆ ಬಾವಿಗೆ ಹೋಗಿ, ಅರಿಶಿನ ಕುಂಕುಮ ಬಳೆ ಏರಿಸಿ ಪೂಜೆ ಮಾಡಿ, ಕೊನೆಗೆ ಗಂಗವ್ವನ ನೀರು ಬೊಗಸೆಯಲ್ಲಿ ಕುಡಿಯುವುದು ನಮ್ಮ ಅತ್ತೆಯ ಊರಿನ ಪದ್ಧತಿ. ಎದೆಯಲ್ಲಿ ಹಾಲು ಬತ್ತಬಾರದು ಅಂತ. ಅತ್ತೆ ನರ್ಸಮ್ಮನಿಗೂ ಹೇಳಿಕಳಿಸಿದ್ದಳು. ಆಕೆ ಬಂದು ಮೇಲೆ ದಂಡೆಯಲ್ಲೇ ನಿಂತಳು, ಇಳಿಯಲಿಲ್ಲ. ನನ್ನ ಸೊಂಟದಲ್ಲಿ ಆಕೆ ಕೊಟ್ಟ ಬಟ್ಟೆ ಇತ್ತು. ಎಲ್ಲಿ ಹೋದರೂ ಒಯ್ಯಲು ಹೇಳಿದ್ದಳಲ್ಲ, ರೂಢಿಯಾಗಿತ್ತು. ಬೊಗಸೆಗೆ ಮೊದಲು ಅದನ್ನು ತೆಗೆಯಹೋದೆ.

“ಗಂಗವ್ವಗ ಬಟ್ಟಿ ಹಿಡೀತಾರೇನ ಹುಚ್ಚಿ?” ಅಂದಳು ಅತ್ತೆ.

ಸರಿಯೇ ಅನ್ನಿಸಿತು. ದೇವರ ನೀರನ್ನು ಸೋಸಿ ಕುಡಿಯುವುದೆಂದರೆ ದೇವರನ್ನೇ ಅನುಮಾನಿಸಿದ ಹಾಗಲ್ಲವೇ? ಬಟ್ಟೆಯನ್ನು ಮತ್ತೆ ಸಿಕ್ಕಿಸಿಕೊಂಡು ಬೊಗಸೆ ತುಂಬಿ ಕುಡಿದೆ. ತಣ್ಣಗೆ, ಸಿಹಿಯಾಗಿತ್ತು. ಮೇಲಿಂದ ಆಕೆ ಕೈಮುಗಿದು ನಿಂತಿದ್ದಳು.

ಆ ಬೇಸಿಗೆ ಕೇರಿಯಲ್ಲಿ ಬೋರಿಂಗ್ ಬಿತ್ತು, ನೀರೂ ಬಂತು. ಮರುವಾರವೇ ಬಾವಿಯ ಮೆಟ್ಟಿಲು ಮುಚ್ಚಿ ಗೋಡೆ ಎದ್ದಿತು, ಗಡಗಡಿಗಳು ಕಿರ್ ಕಿರ್ ಅನ್ನತೊಡಗಿದವು. ಮಾವ ಮೊದಲ ಕೊಡ ತಾವೇ ಸೇದಿದರು. ಎಲ್ಲ ಸುಖಾಂತವಾಯಿತು ಅನ್ನಿ. ನಾನೂ ಹಾಗೇ ಅಂದುಕೊಂಡಿದ್ದೆ.

ವರ್ಷ ತಿರುಗಿತು. ಬಿತ್ತುವ ದಿನ ಬಂದಾಗ ನನ್ನ ಎಡಗಾಲಿನ ಗಂಟಿನ ಹತ್ತಿರ ತುರಿಕೆ, ಆಮೇಲೆ ಬೊಬ್ಬೆ, ಆಮೇಲೆ ಆ ಉರಿ. ನಮ್ಮ ಮನೆಯಲ್ಲಿ ಎಂದೂ ಬಟ್ಟೆ ಕಟ್ಟದೆ ನೀರು ತುಂಬಿದ್ದಿಲ್ಲ. ಹೊಲದಲ್ಲಿ ಬಾಯಾರಿದರೂ ಮನೆಯ ನೀರೇ ಒಯ್ಯುತ್ತಿದ್ದೆ. ಆದರೂ ಬಂತು. ನರ್ಸಮ್ಮ ಬಂದು ನೋಡಿದಾಗ ಆಕೆಯ ಮುಖದ ರಕ್ತ ಇಳಿದು ಹೋಯಿತು. ಬಿಸಿನೀರು ತರಿಸಿ ತೊಳೆದು, ಕಡ್ಡಿಗೆ ಸುತ್ತಲು ಶುರುಮಾಡಿದಳು. ದಿನಾ ಬರುತ್ತಿದ್ದಳು. ಕೂಸು ಅತ್ತರೆ ಒಂದು ಕೈಯಲ್ಲಿ ತೊಟ್ಟಿಲು ತೂಗುತ್ತ, ಇನ್ನೊಂದು ಕೈಯಲ್ಲಿ ನನ್ನ ಕಾಲು ಹಿಡಿದಿರುತ್ತಿದ್ದಳು.

ಒಂದು ದಿನ ನೋವು ತಡೆಯದೆ ಕೇಳಿಯೇಬಿಟ್ಟೆ. “ಅವತ್ತ ಬಾವಿ ಮುಚ್ಚಿದ್ರ ನನಗ ಇದು ಬರ್ತಿತ್ತೇನಕ್ಕ?”

ಇಲ್ಲಸಲ್ಲದ ಸಮಾಧಾನ ಹೇಳುತ್ತಾಳೆ ಅಂದುಕೊಂಡಿದ್ದೆ. ಆಕೆ ಕೈ ನಿಲ್ಲಿಸಲಿಲ್ಲ. “ಬರ್ತಿದ್ದಿಲ್ಲ ತಂಗಿ” ಅಂದಳು.

“ನಾ ನೆನಪಾಗ್ಲಿಲ್ಲೇನು ನಿಮಗ?”

“ನೆನಪಾದಿ. ಬಸುರಿ, ಕಟ್ಟಿ ಮ್ಯಾಲೆ ನಿಂತಿದ್ದಿ. ನಿನ್ನ ನೋಡಿಕೋಂತನ ಆ ಮಾತು ಆಡೀನಿ. ನಿನಗ ಬಟ್ಟಿ ಕೊಟ್ಟಿದ್ನಲ್ಲ ಅಂತ ಧೈರ್ಯ. ಅವರಿಗೆ ಬಟ್ಟಿ ಕೊಟ್ರೂ ಕಟ್ಟಾಕ ನೀರರ ಎಲ್ಲಿತ್ತು?”

ನನಗೆ ಅಳು ಬಂತು. “ಬಟ್ಟಿ ಕಟ್ಟೇ ಕುಡಿದೀನಿ ಅಕ್ಕ. ಗಂಗಿ ಪೂಜಿ ದಿನ ಒಂದು ಬೊಗಸಿ...” ಅಂದೆ.

“ಗೊತ್ತದ. ನಾ ಮ್ಯಾಲೆ ನಿಂತು ನೋಡೀನಿ.” ಈಗ ಆಕೆಯ ಕೈ ನಿಂತಿತು. “ಸಾಹೇಬ್ರ ಮುಂದ ಬಾಯಿ ಬಂತು, ಗೌಡ್ರ ಮುಂದ ಬಂತು. ಗಂಗವ್ವಗ ಬಟ್ಟಿ ಹಿಡಿಯವ್ವ ಅನ್ನಾಕ ನನಗ ಬಾಯಿ ಬರಲಿಲ್ಲ ತಂಗಿ. ನಾನೂ ಕೈಮುಗಿದು ನಿಂತೆ.” ಅಷ್ಟು ಹೇಳಿ ನನ್ನ ಪಾದದ ಮೇಲೆ ಹಣೆಯಿಟ್ಟಳು. ವಯಸ್ಸಿನಲ್ಲಿ ದೊಡ್ಡಾಕೆ, ನನ್ನ ಮಗನನ್ನು ಎತ್ತಿದಾಕೆ. ಎಳೆದುಕೊಳ್ಳೋಣವೆಂದರೆ ಕಾಲಲ್ಲಿ ಕಡ್ಡಿ. ಹಾಗೇ ಕೂತೆ.

ಹುಳ ಪೂರ್ತಿ ಬಂತು. ಆದರೆ ಕೀವಾಗಿ ಗಂಟು ಬಿಗಿದುಕೊಂಡಿತು. ಇವತ್ತಿಗೂ ನನ್ನ ಎಡ ಹಿಮ್ಮಡಿ ನೆಲಕ್ಕೆ ಸರಿಯಾಗಿ ಊರುವುದಿಲ್ಲ. ಅದೇ ವರ್ಷ ಆಕೆಯನ್ನು ಮಾನ್ವಿ ತಾಲೂಕಿಗೆ, ಚೀಕಲಪರ್ವಿ ಕಡೆಗೆ ವರ್ಗ ಮಾಡಿದರು. ಹೊರಡುವ ದಿನ ಮಾವ ಬಂಡಿ ಕಟ್ಟಿಸಿ ಕಳಿಸಿದರು. ನಾನು ಬಾಗಿಲಿಗೆ ಬರಲಿಲ್ಲ. ಕಾಲು ನೋಯುತ್ತಿತ್ತು ಅಂತ ಹೇಳಬಹುದು, ನೋಯುತ್ತಿತ್ತು ಕೂಡ. ನಿಜ ಹೇಳಬೇಕೆಂದರೆ ಆಕೆಯನ್ನು ಅಪ್ಪಿಕೊಳ್ಳುತ್ತೇನೋ ಬಯ್ಯುತ್ತೇನೋ ನನಗೇ ಗೊತ್ತಿರಲಿಲ್ಲ.

ನಾರು ಆಮೇಲೆ ನಮ್ಮ ಊರಿಗೆ ಬರಲೇ ಇಲ್ಲ. ನನ್ನದೇ ಕಡೆಯದು. ಕೇರಿಯಲ್ಲೂ ಇಲ್ಲ, ಊರಲ್ಲೂ ಇಲ್ಲ. ಮುಂದೆ ದೇಶದಿಂದಲೇ ಹೋಯಿತು ಅಂತ ರೇಡಿಯೋದಲ್ಲಿ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಟ್ಟಿನ ಕೈಯಲ್ಲೇ ಕಾಲು ಮುಟ್ಟಿ ನೋಡಿಕೊಂಡೆ. ಆಕೆಯೂ ಎಲ್ಲೋ ಕೂತು ಕೇಳಿದ್ದಾಳು ಅಂದುಕೊಂಡೆ. ನಾವು ರಾಯಚೂರಿಗೆ ಬಂದು ನೆಲೆಸಿದ ಎಷ್ಟೋ ವರ್ಷದ ಮೇಲೆ ಬಸ್ ನಿಲ್ದಾಣದಲ್ಲಿ ಅವತ್ತಿನ ಆ ಮಾನ್ವಿಯ ದಪ್ಪ ನರ್ಸಮ್ಮ ಸಿಕ್ಕಳು. ಸೊರಗಿದ್ದಳು, ದನಿಯಿಂದ ಗುರುತು ಹಿಡಿದೆ. ಕೇಳಿದೆ. “ಆಕಿ ಹೋಗಿ ಭಾಳ ದಿನ ಆತಲ್ಲವ್ವ” ಅಂದಳು. “ಗೌಡ್ರ ಸೊಸಿ ಕಾಲು ಹೆಂಗದನೋ, ಅಂತಿದ್ಲು. ಕಡೀ ತನಕ ಅಂದ್ಲು.” ನನ್ನ ಬಸ್ಸು ಬಂತು, ಹತ್ತಿದೆ. ಯಾವ ಸೀಟಿನಲ್ಲಿ ಕೂತೆನೋ, ಎಲ್ಲಿ ಇಳಿದೆನೋ...

ಮೊನ್ನೆ ನಮ್ಮ ಬಾಡಿಗೆಯ ಹುಡುಗಿ ಗಂಗೆ ಪೂಜೆ ಇಟ್ಟುಕೊಂಡಳು. ಬಾವಿ ಎಲ್ಲಿದೆ ಈಗ? ಅಂಗಳದ ನಲ್ಲಿಗೇ ಅರಿಶಿನ ಹಚ್ಚಿ, ಬಳೆ ಏರಿಸಿ, ಕೂಸನ್ನು ನನ್ನ ಕೈಗೆ ಕೊಟ್ಟು ಪೂಜೆ ಮಾಡಿದಳು. ನಲ್ಲಿಯಲ್ಲಿ ಇನ್ನೂ ರಾಡಿ ಹೋಗಿರಲಿಲ್ಲ. ಅವರ ಕಡೆಯೂ ಅದೇ ಪದ್ಧತಿಯಂತೆ, ಆಕೆ ಬೊಗಸೆ ಹಿಡಿದಳು. ನಾನು ಕೂಸನ್ನು ಪಕ್ಕದ ಮನೆಯಾಕೆಗೆ ಕೊಟ್ಟು, ಕುಂಟುತ್ತ ಒಳಗೆ ಹೋಗಿ ಬಟ್ಟೆ ತಂದೆ. ಎರಡು ಮಡಿಕೆ ಮಾಡಿ ನಲ್ಲಿಯ ಬಾಯಿಗೆ ಹಿಡಿದೆ.

ಹುಡುಗಿ ಕಣ್ಣು ಬಿಟ್ಟು ನೋಡಿದಳು. “ಅಮ್ಮಾ, ಗಂಗವ್ವಗ ಬಟ್ಟಿ ಹಿಡೀತಾರೇನ್ರಿ?”

“ಹಿಡೀತಾರವ್ವ” ಅಂದೆ. “ನಮ್ಮಕ್ಕ ಹೇಳ್ಯಾಳ.”

ಆಕೆ ಹೇಳಿರಲಿಲ್ಲ. ಹೇಳಲು ಆಕೆಗೆ ಬಾಯಿ ಬಂದಿರಲಿಲ್ಲ. ನೀರು ಬಟ್ಟೆಯಿಂದ ಸೋರಿ ಹುಡುಗಿಯ ಬೊಗಸೆ ತುಂಬುತ್ತಿತ್ತು, ನಾನು ಎರಡೂ ಕೈಯಿಂದ ಹಿಡಿದು ನಿಂತೇ ಇದ್ದೆ. ಇದನ್ನು ಅಕ್ಕನಿಗೆ ಹೇಳಬೇಕಿತ್ತು. ಆಕೆಯನ್ನು ಕಳಿಸಲು ಬಾಗಿಲ ತನಕ ಹೋಗದ ದಿನ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ, ಈಗ ಇದೆ, ಆಕೆ ಇಲ್ಲ.